ಇಂಗ್ಲಿಷ್ ಪತ್ರಗಳಲ್ಲಿ ಕಾಲಮಿತಿ: ‘ಬೈ’, ‘ಅನ್‌ಟಿಲ್’, ‘ವಿದಿನ್’

ಇಂಗ್ಲಿಷ್ ಪತ್ರದಲ್ಲಿ ಗಡುವು ಸೂಚಿಸುವ ಪದವನ್ನು ಕ್ರಿಯಾಪದದೊಡನೆ ಕೂಡಿಸಿಯೇ ಓದತಕ್ಕದ್ದು.

1. ‘ಬೈ’ ಒಮ್ಮೆಗೇ ಮುಗಿಯುವ ಕ್ರಿಯೆಗೆ ಸಲ್ಲುತ್ತದೆ. ‘ಸಬ್ಮಿಟ್ ಬೈ 20 ಜೂನ್’ ಎಂದರೆ ಜೂನ್ 20ರಂದು ಅಥವಾ ಅದಕ್ಕೂ ಮೊದಲು ಸಲ್ಲಿಸುವುದು.

2. ‘ಅನ್‌ಟಿಲ್’ ಮುಂದುವರಿಯುವ ಸ್ಥಿತಿಗೆ ಸಲ್ಲುತ್ತದೆ. ‘ರಿಮೇನ್ ಓಪನ್ ಅನ್‌ಟಿಲ್ 20 ಜೂನ್’ ಎಂದರೆ ಅಲ್ಲಿಯವರೆಗೂ ತೆರೆದಿರುವುದು. ನಿಷೇಧ ಸೇರಿದಾಗ ಎಚ್ಚರ ಅಗತ್ಯ: ‘ಡು ನಾಟ್ ಪೇ ಅನ್‌ಟಿಲ್ ಅಪ್ರೂವ್ಡ್’ ಎಂದರೆ ಅನುಮೋದನೆಗೆ ಮೊದಲು ಹಣ ಪಾವತಿಸಕೂಡದು.

3. ‘ವಿದಿನ್’ ಅವಧಿಯ ಮಿತಿಯನ್ನು ತಿಳಿಸುತ್ತದೆ. ಮಾಹಿತಿ ಹಕ್ಕು ಅಧಿನಿಯಮ, 2005ರ 7(1)ನೇ ಪ್ರಕರಣದ 30 ದಿನಗಳನ್ನು ಅರ್ಜಿ ಸ್ವೀಕೃತವಾದಂದಿನಿಂದ ಎಣಿಸಬೇಕು, ಬರೆದ ದಿನದಿಂದಲ್ಲ. ಜೀವ ಅಥವಾ ಸ್ವಾತಂತ್ರ್ಯಕ್ಕೆ ಸಂಬಂಧಿಸಿದ ಮಾಹಿತಿಗೆ 48 ಗಂಟೆಗಳ ಮಿತಿಯಿದೆ.

ಸಭೆಯಲ್ಲಿ ಪತ್ರವನ್ನು ಕನ್ನಡದಲ್ಲಿ ವಿವರಿಸುವಾಗ ‘ಒಳಗೆ’, ‘ವರೆಗೆ’ ಅದಲುಬದಲಾಗದಂತೆ ಸದಸ್ಯರು ಗಮನಿಸುವುದು.