ತಡದ ಅಳತೆ

ಕೋಲಾಟದಲ್ಲಿ ಒಬ್ಬನು ಅರೆಕ್ಷಣ ತಡಮಾಡಿದರೆ ಎದುರಿನವನ ಕೋಲು ಬರಿಯ ಗಾಳಿಗೆ ಬೀಸುತ್ತದೆ. ಎಷ್ಟು ಚುರುಕಾಗಿ ಕುಣಿದನೆಂಬುದು ಅಲ್ಲಿ ಮುಖ್ಯವಲ್ಲ. ತಾಳ ಬಿದ್ದ ಗಳಿಗೆಗೆ ಸರಿಯಾಗಿ ಕೋಲು ಬಂದಿತೇ ಎಂಬುದೇ ಮುಖ್ಯ. ಗಣಕಯಂತ್ರದ ಆಜ್ಞೆಯಂತೆ ಲೋಹವನ್ನು ಕೊರೆಯುವ ಯಂತ್ರಗಳಿಗೂ ಈ ನಿಯಮವೇ ಅನ್ವಯಿಸುತ್ತದೆ.

ಅಂಕಿಗಳ ಆಜ್ಞೆಯಿಂದ ನಡೆಯುವ ಮಿಲ್ಲಿಂಗ್ ಯಂತ್ರವೊಂದನ್ನು ಅಮೆರಿಕದ ಮ್ಯಾಸಚೂಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ 1952ರಲ್ಲಿ ಪ್ರದರ್ಶಿಸಲಾಯಿತು. ಅದನ್ನು ನಿಯಂತ್ರಿಸಲು ನಿರ್ವಾತ ನಳಿಗೆಗಳು ತುಂಬಿದ ದೊಡ್ಡ ಕಪಾಟುಗಳೇ ಬೇಕಾಗಿದ್ದವು. 1990ರ ದಶಕದಲ್ಲಿ ಅದೇ ದೇಶದ ರಾಷ್ಟ್ರೀಯ ಮಾನಕ ಸಂಸ್ಥೆಯು ಸಾಮಾನ್ಯ ಗಣಕಯಂತ್ರದಿಂದಲೇ ಇಂತಹ ಯಂತ್ರವನ್ನು ನಡೆಸುವ ಕ್ರಮವಿಧಿಯನ್ನು ರೂಪಿಸಿತು. ಸರ್ಕಾರದ ಕೆಲಸವಾದುದರಿಂದ ಅದು ಸರ್ವರಿಗೂ ಮುಕ್ತವಾಗಿತ್ತು. ಸ್ವಯಂಸೇವಕರ ಕೈಯಲ್ಲಿ ಬೆಳೆದ ಆ ಕ್ರಮವಿಧಿ ಇಂದು ಲಿನಕ್ಸ್‌ಸಿಎನ್‌ಸಿ ಎಂದು ಹೆಸರಾಗಿದೆ. ಇದರಿಂದ ಸಣ್ಣ ಕಾರ್ಯಾಗಾರದವರಿಗೂ ಇಂತಹ ಯಂತ್ರ ಎಟುಕುವಂತಾಯಿತು. ಆದರೆ ಅದರೊಡನೆ ಒಂದು ಹೊಸ ತೊಡಕೂ ಬಂದಿತು.

ಸಣ್ಣ ಯಂತ್ರಗಳಲ್ಲಿ ಬಹುಮಟ್ಟಿಗೆ ಸ್ಟೆಪ್ಪರ್ ಮೋಟಾರುಗಳಿರುತ್ತವೆ. ಇಂತಹ ಮೋಟಾರು ಒಂದೊಂದು ವಿದ್ಯುತ್ ಮಿಡಿತಕ್ಕೆ ಒಂದೊಂದು ಹೆಜ್ಜೆ ತಿರುಗುತ್ತದೆ. ಒಂದು ಸುತ್ತಿಗೆ 2,000 ಮಿಡಿತಗಳು ಬೇಕಾಗಿದ್ದು, ಮೋಟಾರು ಸೆಕೆಂಡಿಗೆ 5 ಸುತ್ತು ತಿರುಗಬೇಕಾದರೆ, ಗಣಕಯಂತ್ರವು ಸೆಕೆಂಡಿಗೆ 10,000 ಮಿಡಿತಗಳನ್ನು ಕಳುಹಿಸಬೇಕು. ಅಂದರೆ ಮಿಡಿತದಿಂದ ಮಿಡಿತಕ್ಕೆ 100 ಮೈಕ್ರೊಸೆಕೆಂಡುಗಳ ಅಂತರ. ಒಂದು ಮೈಕ್ರೊಸೆಕೆಂಡೆಂದರೆ ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗ. ಒಂದು ಮಿಡಿತವು 50 ಮೈಕ್ರೊಸೆಕೆಂಡು ತಡವಾಗಿ, ಮುಂದಿನದು ಸಕಾಲಕ್ಕೇ ಬಂದರೆ ನಡುವಣ ಅಂತರ ಅರ್ಧಕ್ಕಿಳಿಯುತ್ತದೆ. ಮೋಟಾರು ಒಮ್ಮೆಲೇ ಇಮ್ಮಡಿ ವೇಗದಿಂದ ತಿರುಗಬೇಕಾಗುತ್ತದೆ. ಅದು ಸಾಧ್ಯವಾಗದಿದ್ದಾಗ ಹೆಜ್ಜೆ ತಪ್ಪುತ್ತದೆ. ತಪ್ಪಿತೆಂದು ತಿಳಿಸುವ ಕಣ್ಣು ಸಾಮಾನ್ಯವಾಗಿ ಇಂತಹ ಯಂತ್ರಕ್ಕಿಲ್ಲ. ತಾನು ಸರಿಯಾದ ಸ್ಥಾನದಲ್ಲಿದ್ದೇನೆಂದೇ ಭಾವಿಸಿ ಅದು ಕೊರೆಯುತ್ತ ಹೋಗುತ್ತದೆ. ಗಂಟೆಗಟ್ಟಲೆ ದುಡಿದು ತಯಾರಿಸಿದ ಭಾಗವು ಕಡೆಗೆ ಗುಜರಿಗೆ ಸೇರುತ್ತದೆ.

ಗಣಕಯಂತ್ರವು ತಡಮಾಡುವುದೇಕೆ? ಅದು ಒಂದೇ ವೇಳೆಯಲ್ಲಿ ಹಲವು ಕೆಲಸಗಳನ್ನು ಹೊತ್ತಿರುತ್ತದೆ. ಪರದೆಯ ಮೇಲೆ ಚಿತ್ರ ಬಿಡಿಸುವುದು, ಕಡತಗಳನ್ನು ಓದುವುದು, ವಿದ್ಯುತ್ತನ್ನು ಉಳಿಸಲು ವೇಗವನ್ನು ತಗ್ಗಿಸುವುದು ಇವೆಲ್ಲವೂ ಅದರ ಗಮನವನ್ನು ಸೆಳೆಯುತ್ತವೆ. ಕೆಲವು ಗಣಕಯಂತ್ರಗಳಲ್ಲಿ ಮೂಲ ಫಲಕದಲ್ಲಿ ಅಡಗಿರುವ ಕ್ರಮವಿಧಿಯೇ ಮುಖ್ಯ ವ್ಯವಸ್ಥೆಗೆ ತಿಳಿಯದಂತೆ ಕೆಲವು ಕ್ಷಣ ಅಧಿಕಾರವನ್ನು ಕಸಿದುಕೊಳ್ಳುತ್ತದೆ. ಆದುದರಿಂದ ಹೊಸದೂ ವೇಗದ್ದೂ ಆದ ಗಣಕಯಂತ್ರವು ಈ ಕೆಲಸಕ್ಕೆ ಹಳೆಯದೊಂದಕ್ಕಿಂತ ಕೀಳೆನಿಸುವುದೂ ಉಂಟು.

ಇದನ್ನು ತಿಳಿಯಲು ಪರೀಕ್ಷೆಯೊಂದಿದೆ. 25 ಮೈಕ್ರೊಸೆಕೆಂಡಿಗೊಮ್ಮೆ ಎಚ್ಚರಗೊಳ್ಳುವಂತೆ ಗಣಕಯಂತ್ರಕ್ಕೆ ಆಜ್ಞೆ ಕೊಟ್ಟು, ಅದು ವೇಳೆಯಿಂದ ಎಷ್ಟು ತಪ್ಪಿತೆಂದು ಪ್ರತಿಸಲವೂ ಅಳೆಯಲಾಗುತ್ತದೆ. ಆ ಹೊತ್ತಿನಲ್ಲಿ ಗಣಕಯಂತ್ರವನ್ನು ಸುಮ್ಮನೆ ಬಿಡಬಾರದು. ದೊಡ್ಡ ಕಡತಗಳನ್ನು ನಕಲು ಮಾಡಿಸಿ, ಸಂಗೀತ ನುಡಿಸಿ, ಚಲಿಸುವ ಚಿತ್ರಗಳನ್ನು ತೋರಿಸಿ ಅದನ್ನು ದಣಿಸಬೇಕು. ಅತಿ ಹೆಚ್ಚಿನ ತಪ್ಪು 20 ಮೈಕ್ರೊಸೆಕೆಂಡಿನೊಳಗಿದ್ದರೆ ಆ ಗಣಕಯಂತ್ರವು ಮಿಡಿತಗಳನ್ನು ಕಳುಹಿಸಲು ಯೋಗ್ಯ. 30ರಿಂದ 50ರವರೆಗಿದ್ದರೆ ಮೋಟಾರಿನ ವೇಗಕ್ಕೆ ಮಿತಿ ಹಾಕಿಕೊಂಡು ನಡೆಸಬಹುದು. 100ನ್ನು ಮೀರಿದರೆ ಮಿಡಿತಗಳ ಕೆಲಸವನ್ನು ಬೇರೊಂದು ವಿದ್ಯುನ್ಮಾನ ಫಲಕಕ್ಕೆ ಒಪ್ಪಿಸುವುದೇ ಲೇಸು.

ಇಲ್ಲಿ ಸರಾಸರಿಗೆ ಬೆಲೆಯಿಲ್ಲ. 10 ನಿಮಿಷಗಳಲ್ಲಿ ಗಣಕಯಂತ್ರವು 2 ಕೋಟಿ 40 ಲಕ್ಷ ಸಲ ಎಚ್ಚರಗೊಳ್ಳುತ್ತದೆ. ಅವುಗಳಲ್ಲಿ ಒಂದೇ ಒಂದು ಸಲ ತಪ್ಪಿದರೂ ಸರಾಸರಿ ಕದಲುವುದಿಲ್ಲ, ಆದರೆ ಕೆಲಸ ಕೆಡುತ್ತದೆ. ಆದುದರಿಂದಲೇ ಅತ್ಯಂತ ಕೆಟ್ಟ ಅಂಕಿಯೇ ಪರೀಕ್ಷೆಯ ಫಲಿತಾಂಶವೆನಿಸುತ್ತದೆ.

ಅಂಗಡಿಯಲ್ಲಿಟ್ಟ ಗಣಕಯಂತ್ರದ ಮೇಲೆ ಈ ಅಂಕಿಯನ್ನು ಯಾರೂ ಬರೆದಿರುವುದಿಲ್ಲ. ಈ ಕೊರತೆಯನ್ನು ಬಳಕೆದಾರರೇ ನೀಗಿಕೊಂಡರು. ಹಲವು ದೇಶಗಳ ಕುಶಲಿಗಳು ತಮ್ಮ ಫಲಿತಾಂಶಗಳನ್ನು ಒಂದೆಡೆ ಸೇರಿಸಿ ಹಂಚಿಕೊಂಡರು. ಬರಿಯ ಅಂಕಿಯಿಂದ ಪ್ರಯೋಜನವಿಲ್ಲ. ಸಂಸ್ಕಾರಕ ಯಾವುದು, ಮೂಲ ಫಲಕ ಯಾವುದು, ಯಾವ ಸೌಲಭ್ಯಗಳನ್ನು ನಿಲ್ಲಿಸಲಾಗಿತ್ತು, ಎಷ್ಟು ಹೊತ್ತು ಯಾವ ಹೊರೆಯೊಡನೆ ಪರೀಕ್ಷಿಸಲಾಯಿತು ಎಂಬ ವಿವರಗಳೂ ಬೇಕು. ಹೊರೆಯಿಲ್ಲದೆ ಎರಡು ನಿಮಿಷ ಪರೀಕ್ಷಿಸಿ ಪಡೆದ ಅಂಕಿಯು ನೋಡಲು ಅಂದ. ಆದರೆ ಅದನ್ನು ನಂಬಿ ಹಣ ತೆತ್ತವನಿಗೆ ನಷ್ಟ. ತನ್ನ ಗಣಕಯಂತ್ರವು ಸೋತಿತೆಂದು ಮುಚ್ಚುಮರೆಯಿಲ್ಲದೆ ಬರೆದವನಾದರೋ, ಮತ್ತೊಬ್ಬನನ್ನು ಅದೇ ನಷ್ಟದಿಂದ ಪಾರುಮಾಡುತ್ತಾನೆ. ಹಾಗೆಂದು ಪರರ ಫಲಿತಾಂಶವನ್ನೇ ಕಣ್ಣುಮುಚ್ಚಿ ನೆಚ್ಚುವಂತಿಲ್ಲ. ಆರಿಸಿಕೊಳ್ಳಲು ಅದು ದಾರಿ ತೋರುತ್ತದೆ. ಕೆಲಸಕ್ಕೆ ತೊಡಗುವ ಮುನ್ನ ಪ್ರತಿಯೊಬ್ಬನೂ ತನ್ನ ಗಣಕಯಂತ್ರವನ್ನು ತಾನೇ ಪರೀಕ್ಷಿಸಬೇಕು.

ಗೆಲುವನ್ನು ಹೇಳಿಕೊಳ್ಳುವುದು ಸುಲಭ. ಸೋಲನ್ನು ಸರಿಯಾಗಿ ಅಳೆದು, ಇದ್ದುದನ್ನು ಇದ್ದಂತೆ ಬರೆದಿಡುವುದು ಕಷ್ಟ. ಅಂತಹ ಬರಹಗಳು ಒಂದೆಡೆ ಕೂಡಿದಾಗ ಒಬ್ಬೊಬ್ಬರ ಅನುಭವವು ಎಲ್ಲರ ತಿಳಿವಾಗುತ್ತದೆ.

ಪ್ರಶ್ನೆಗಳು

1. ಒಂದು ಮಿಡಿತ ತಡವಾದಾಗ ಸ್ಟೆಪ್ಪರ್ ಮೋಟಾರು ಹೆಜ್ಜೆ ತಪ್ಪುವುದೇಕೆ?
2. ಪರೀಕ್ಷೆಯ ವೇಳೆ ಗಣಕಯಂತ್ರವನ್ನು ದಣಿಸಬೇಕೇಕೆ?
3. ‘ಇಲ್ಲಿ ಸರಾಸರಿಗೆ ಬೆಲೆಯಿಲ್ಲ.’ ಈ ಮಾತನ್ನು ವಿವರಿಸಿರಿ.