ಗುಡ್ಡದ ದಾರಿಯಲ್ಲಿ ಕಾಂಟೆಸಾ ಕಲಿಸಿದ್ದು

ನಮ್ಮ ದೇಶದ ಮಸಲ್ ಕಾರು ಯಾವುದು ಎಂದು ಕೇಳಿದರೆ ಹಳೆ ಗಾಡಿಗಳ ಅಭಿಮಾನಿಗಳು ಮೊದಲು ಹೇಳುವ ಹೆಸರು ಕಾಂಟೆಸಾ. ಇಂಗ್ಲೆಂಡಿನ ವಾಕ್ಸ್‌ಹಾಲ್ ಕಾರಿನ ಅಚ್ಚುಗಳನ್ನು ಕೊಂಡು ತಂದ ಹಿಂದೂಸ್ತಾನ್ ಮೋಟರ್ಸ್ 1984ರಲ್ಲಿ ಇದನ್ನು ರಸ್ತೆಗಿಳಿಸಿತು. ಮೊದಲು ಕೂರಿಸಿದ್ದು ಅಂಬಾಸಿಡರಿನ 1489 ಸಿಸಿ ಎಂಜಿನ್. ಅಷ್ಟು ದೊಡ್ಡ ಮೈಗೆ ಅದು ಸಾಲಲಿಲ್ಲ. ಇಸುಜು 1.8 ಲೀಟರ್ ಎಂಜಿನ್ ಬಂದ ಮೇಲೆಯೇ ಗಾಡಿಗೆ ಉಸಿರು ಬಂದದ್ದು. ನನ್ನದು ಆ ಇಸುಜು ಪೈಕಿ, ಕಾರ್ಬುರೇಟರ್ ಇರುವ ಗಾಡಿ. ಉಗರಗೋಳದಿಂದ ಧಾರವಾಡ, ಬಾದಾಮಿ, ಶಿರಸಂಗಿ, ಸೊಗಲ ಎಂದು ಇದರಲ್ಲೇ ತಿರುಗಿದ್ದೇನೆ. ಜಾತ್ರೆಗೆ ಬಂದ ನೆಂಟರನ್ನು ಎಲ್ಲಮ್ಮನ ಗುಡ್ಡಕ್ಕೆ ಹತ್ತಿಸಿದ್ದೂ ಇದರಲ್ಲೇ. ನಾನು ಮಿಸ್ತ್ರಿ ಅಲ್ಲ. ದಾರಿಯಲ್ಲಿ ನಿಂತಾಗ ಕಲಿತದ್ದನ್ನಷ್ಟೇ ಬರೆಯುತ್ತಿದ್ದೇನೆ.

1. ರೇಡಿಯೇಟರಿಗೆ ಬೋರಿನ ನೀರು ಹಾಕಬೇಡಿ

ಎಲ್ಲಮ್ಮನ ಜಾತ್ರೆಯ ಬನದ ಹುಣ್ಣಿಮೆಗೂ ಭಾರತ ಹುಣ್ಣಿಮೆಗೂ ಗುಡ್ಡದ ದಾರಿಯಲ್ಲಿ ಚಕ್ಕಡಿ, ಟ್ರ್ಯಾಕ್ಟರು, ಬಸ್ಸು, ನಡೆದು ಬರುವ ಜನ ಎಲ್ಲ ಒಂದಾಗಿರುತ್ತಾರೆ. ಗಾಡಿ ಫಸ್ಟ್ ಗೇರಿನಲ್ಲೇ ತೆವಳಬೇಕು. ಓಟವಿಲ್ಲದಿದ್ದರೆ ರೇಡಿಯೇಟರಿಗೆ ಗಾಳಿ ಸಿಗದು. ಅಂಥದ್ದೊಂದು ಏರಿನಲ್ಲಿ ಮುಳ್ಳು ಕೆಂಪು ಗೆರೆ ಮುಟ್ಟಿತು, ಬಾನೆಟ್ಟಿನ ಸಂದಿಯಿಂದ ಹಬೆ ಎದ್ದಿತು. ಒಳಗೆ ಮಕ್ಕಳು, ವಯಸ್ಸಾದವರು. ನಾನು ಗಾಬರಿಯಲ್ಲಿ ಕ್ಯಾಪಿಗೆ ಕೈ ಹಾಕಿದೆ. ಪಕ್ಕದ ಚಕ್ಕಡಿಯವರು ಕೂಗಿ ತಡೆಯದಿದ್ದರೆ ಮುಖ ಸುಟ್ಟುಕೊಳ್ಳುತ್ತಿದ್ದೆ. ಒತ್ತಡದಲ್ಲಿರುವ ನೀರು ನೂರು ಡಿಗ್ರಿ ದಾಟಿದರೂ ಕುದಿಯದೆ ಇರುತ್ತದೆ. ಕ್ಯಾಪ್ ತೆಗೆದ ಕೂಡಲೇ ಕುದಿದು ಚಿಮ್ಮುತ್ತದೆ.

ಆಮೇಲೆ ರೇಡಿಯೇಟರ್ ಬಿಚ್ಚಿದ ಮಿಸ್ತ್ರಿ ಕೇಳಿದ್ದು ಒಂದೇ ಮಾತು: "ಅಣ್ಣಾರ, ಇದಕ್ಕ ಬೋರಿನ ನೀರು ಹಾಕೀರಲ್ಲ? ಒಳಗ ಎಲ್ಲಾ ಸುಣ್ಣ ಕಟ್ಟೇತಿ." ಹೌದು, ವರ್ಷಗಟ್ಟಲೆ ಮನೆಯ ಬೋರಿನ ಸವುಳು ನೀರನ್ನೇ ಹಾಕುತ್ತಿದ್ದೆ. ತೆಳ್ಳನೆಯ ಕೊಳವೆಗಳ ಒಳಗೆ ಬೆಳ್ಳಗೆ ಗಟ್ಟಿ ಪದರ ಕಟ್ಟಿತ್ತು, ತಂತಿ ತೂರಿಸಿದರೂ ಹೋಗುತ್ತಿರಲಿಲ್ಲ. ಈಗ ಡಿಸ್ಟಿಲ್ಡ್ ವಾಟರಿನಲ್ಲಿ ಬೆರೆಸಿದ ಕೂಲಂಟ್ ಮಾತ್ರ, ಡಿಕ್ಕಿಯಲ್ಲೂ ಅದರದೇ ಒಂದು ಕ್ಯಾನು. ಜಾತ್ರೆಯ ದಟ್ಟಣೆಯಲ್ಲಿ ಎಸಿ ಬಂದ್. ಮುಳ್ಳು ಏರುವ ಲಕ್ಷಣ ಕಂಡರೆ ಪಕ್ಕಕ್ಕೆ ನಿಲ್ಲಿಸಿ, ಎಂಜಿನ್ ಪೂರ್ತಿ ಆರುವವರೆಗೆ ಕಾಯುತ್ತೇನೆ.

2. ಸ್ಟೆಪ್ನಿ ಮೇಲೆ ಪರಡಿ ಸಾಮಾನು ಹೇರಬೇಡಿ

ಗುಡ್ಡಕ್ಕೆ ಹೋಗುವುದೆಂದರೆ ಅಡಿಗೆ ಮನೆಯೇ ಹೊರಟಂತೆ. ಪರಡಿ, ಅಂದರೆ ದೇವಿಯ ಎಡೆಯ ಬುಟ್ಟಿ, ತುಂಬಲು ಹೋಳಿಗೆ, ಕಡಬು, ಪಲ್ಯ ಅಲ್ಲೇ ಮಾಡಬೇಕು. ಅದಕ್ಕೆ ಪಾತ್ರೆ, ಒಲೆ, ಹಿಟ್ಟಿನ ಡಬ್ಬಿ, ರೊಟ್ಟಿ ಬುತ್ತಿ, ಹಾಸಿಗೆ. ಕಾಂಟೆಸಾದ ಡಿಕ್ಕಿ ದೊಡ್ಡದು, ಎಲ್ಲ ಹಿಡಿಸುತ್ತದೆ. ಅದೇ ನನಗೆ ಮುಳುವಾದದ್ದು. ಮುನವಳ್ಳಿ ಹತ್ತಿರ ಪಂಕ್ಚರ್ ಆದಾಗ ಜಾಕು, ಪಾನಾ, ಸ್ಟೆಪ್ನಿ ಎಲ್ಲ ಆ ಗಂಟುಗಳ ಅಡಿಗಿದ್ದವು. ರಾತ್ರಿ ರಸ್ತೆ ಬದಿಗೆ ಇಡೀ ಸಂಸಾರವನ್ನು ಇಳಿಸಿಟ್ಟು ಕೊನೆಗೆ ಸ್ಟೆಪ್ನಿ ಹೊರತೆಗೆದರೆ ಅದರ ಪಕ್ಕೆ ಬಿರುಕು ಬಿಟ್ಟಿತ್ತು. ಹಲ್ಲು ಸವೆದಿಲ್ಲ ಎಂದು ನಾನು ಅದನ್ನು ಹೊಸದೆಂದೇ ನಂಬಿದ್ದೆ. ಟೈರಿನ ಪಕ್ಕೆಯ ಮೇಲೆ ನಾಲ್ಕು ಅಂಕಿ ಇರುತ್ತವೆ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ಮಾಡಿದ್ದು. ಓಡದ ಟೈರಿನ ರಬ್ಬರಿಗೂ ವಯಸ್ಸಾಗುತ್ತದೆ ಎಂಬುದು ಅಂದು ತಿಳಿಯಿತು.

ಈಗ ಹೇರುವ ಕ್ರಮವೇ ಬೇರೆ. ಭಾರದ ಪಾತ್ರೆಗಳು ಹಿಂದಿನ ಸೀಟಿಗೆ ಒತ್ತಿಕೊಂಡು ತಳದಲ್ಲಿ, ಹಗುರ ಸಾಮಾನು ಮೇಲೆ. ಬಾಲದ ಕಡೆಗೆ ಭಾರ ಹೆಚ್ಚಾದರೆ ಹೆಡ್‌ಲೈಟ್ ಎತ್ತಿಕೊಂಡು ಎದುರಿನವರ ಕಣ್ಣಿಗೆ ಹೊಡೆಯುತ್ತದೆ, ಸ್ಟೇರಿಂಗ್ ಹಗುರಾಗಿ ಹಿಡಿತ ತಪ್ಪುತ್ತದೆ. ಸ್ಟೆಪ್ನಿಯ ಮುಂದೆ ಏನೂ ಇಡುವುದಿಲ್ಲ. ಪಾನಾ ಚೀಲ, ಟಾರ್ಚು ಎಲ್ಲಕ್ಕಿಂತ ಕೊನೆಗೆ ಒಳಗೆ ಹೋಗುತ್ತವೆ. ರಾತ್ರಿ ಚಕ್ಕಡಿಗಳು ಓಡಾಡುವ ದಾರಿಯಲ್ಲಿ ಒಂದು ಪ್ರತಿಫಲಕ ತ್ರಿಕೋನವೂ ಬೇಕು.

3. ಕಾಂಟೆಸಾ ಸಾಮಾನು ಸಿಗದಿದ್ದರೆ ಅಂಬಾಸಿಡರಿನದು ಕೇಳಿ

ಕಾಂಟೆಸಾ 2002ರಲ್ಲಿ ನಿಂತಿತು. ಇನ್ನು ಸಾಮಾನು ಸಿಗಲಾರದು ಎಂದು ಗಾಡಿ ಮಾರಲು ಹೊರಟಿದ್ದೆ. ಆದರೆ ಇದೇ ಇಸುಜು ಎಂಜಿನ್ನನ್ನು ಅಂಬಾಸಿಡರ್ 1800ಕ್ಕೂ ಹಾಕಿದ್ದರು, ಅಂಬಾಸಿಡರ್ 2014ರವರೆಗೂ ತಯಾರಾಯಿತು. ಹಾಗಾಗಿ ಎಂಜಿನ್ನಿನ ಭಾಗಗಳು ಹುಡುಕಿದರೆ ಇಂದಿಗೂ ಸಿಗುತ್ತವೆ. ಸಿಗದೆ ಕಾಡುವುದು ಗಾಜು, ಬಾಗಿಲ ಬೀಡಿಂಗ್, ದೀಪದ ಚಿಪ್ಪು. ದೂರ ಹೋಗುವಾಗ ಫ್ಯಾನ್ ಬೆಲ್ಟ್, ರೇಡಿಯೇಟರ್ ಹೋಸು, ಪ್ಲಗ್ಗು, ಫ್ಯೂಸು, ಡಿಸ್ಟ್ರಿಬ್ಯೂಟರ್ ಕ್ಯಾಪು ನನ್ನ ಜೊತೆಗಿರುತ್ತವೆ. ಹೋಸು ತರುವಾಗ ಹಳೆಯದನ್ನು ಪಕ್ಕಕ್ಕಿಟ್ಟು ಅಳತೆ ನೋಡಿ.

4. ಪೆಟ್ರೋಲ್ ಬದಲಾಗಿದೆ, ಪೈಪೂ ಬದಲಾಗಲಿ

ಚೈತ್ರದ ಬಿಸಿಲಲ್ಲಿ ರಾಮದುರ್ಗದಿಂದ ಬರುವಾಗ ಗಾಡಿ ಜಗ್ಗಿ ಜಗ್ಗಿ ನಿಂತಿತು. ಟ್ಯಾಂಕಿನಲ್ಲಿ ಪೆಟ್ರೋಲ್ ಇತ್ತು, ಪ್ಲಗ್ಗಿನಲ್ಲಿ ಕಿಡಿ ಇತ್ತು. ಕಾರ್ಬುರೇಟರ್ ಕೆಟ್ಟಿದೆ ಎಂದುಕೊಂಡು ರಸ್ತೆಯಲ್ಲೇ ಬಿಚ್ಚಿ, ಒಂದು ಸಣ್ಣ ಸ್ಪ್ರಿಂಗ್ ಕಳೆದೆ. ನಿಜಕ್ಕೂ ಆದದ್ದು, ಎಂಜಿನ್ನಿನ ಕಾವಿಗೆ ಪೈಪಿನೊಳಗಿನ ಪೆಟ್ರೋಲ್ ಆವಿಯಾಗಿ ಪಂಪಿಗೆ ಎಳೆಯಲು ದ್ರವವೇ ಸಿಗದಿದ್ದದ್ದು. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಅರ್ಧ ತಾಸು ಬೇವಿನ ನೆರಳಲ್ಲಿ ಕೂತಿದ್ದರೆ ಸಾಕಿತ್ತು. ಕಾವಿನ ತೊಡಕು ಹೀಗಾದರೆ ಪೆಟ್ರೋಲಿನದು ಇನ್ನೊಂದು: ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ 20 ಪ್ರತಿಶತದವರೆಗೆ ಎಥನಾಲ್ ಇರುತ್ತದೆ. ಅದು ಹಳೆಯ ರಬ್ಬರನ್ನು ಮೆತ್ತಗಾಗಿಸುತ್ತದೆ, ಟ್ಯಾಂಕಿನ ತಳದ ಕಸವನ್ನು ಎಬ್ಬಿಸಿ ಫಿಲ್ಟರಿಗೆ ತರುತ್ತದೆ. ಎಥನಾಲ್ ತಾಳುವ ಹೊಸ ಪೈಪ್ ಹಾಕಿಸಿ, ಒಂದು ಫಿಲ್ಟರ್ ಹೆಚ್ಚಿಗೆ ಇಟ್ಟುಕೊಳ್ಳಿ. ಪೈಪಿನಿಂದ ಸೋರುವುದು ಪೆಟ್ರೋಲ್. ಇದರಲ್ಲಿ ಉಳಿತಾಯ ಬೇಡ.

5. ಮಳೆ ಬಿದ್ದ ಎರಿ ಹೊಲದ ದಾರಿಗೆ ಇಳಿಯಬೇಡಿ

ಹಿಂದಿನ ಗಾಲಿಯಿಂದ ಓಡುವ ಗಾಡಿ ಇದು. ಎರಿ ಮಣ್ಣು ಟೈರಿಗೆ ಮೆತ್ತಿತೆಂದರೆ ಗಾಲಿ ನಿಂತಲ್ಲೇ ತಿರುಗುತ್ತದೆ. ನಾನು ಇಳಿದೆ, ಟ್ರ್ಯಾಕ್ಟರ್ ಬಂದು ಎಳೆಯಿತು.

6. ಮುಚ್ಚಿಟ್ಟರೆ ಗಾಡಿ ಉಳಿಯುವುದಿಲ್ಲ

ಬಿಸಿಲು, ಧೂಳಿಗೆ ಅಂಜಿ ಒಂದು ಮಳೆಗಾಲ ಪೂರ್ತಿ ತಾಡಪತ್ರಿ ಹೊದಿಸಿ ಇಟ್ಟೆ. ತೆಗೆದಾಗ ವೈರನ್ನು ಇಲಿ ಕಡಿದಿದ್ದವು, ಬ್ರೇಕ್ ಕಚ್ಚಿತ್ತು, ಪೆಟ್ರೋಲ್ ವಾಸನೆ ಕೆಟ್ಟಿತ್ತು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ಎರಡು ವರ್ಷಕ್ಕೊಮ್ಮೆಯಾದರೂ ಬದಲಿಸಬೇಕು. ಈಗ ವಾರಕ್ಕೊಮ್ಮೆ ಸವದತ್ತಿವರೆಗೆ ಹೋಗಿ ಬರುತ್ತೇನೆ. ಕಾಗದಪತ್ರದ ಮಾತೂ ಇದೆ. 15 ವರ್ಷ ದಾಟಿದ ಗಾಡಿಯ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು. 2021ರ ವಿಂಟೇಜ್ ನಿಯಮ 50 ವರ್ಷ ದಾಟಿದ ಗಾಡಿಗಳಿಗೆ, ಮೊದಲ ಕಾಂಟೆಸಾಗಳಿಗೂ 2034ರವರೆಗೆ ಅದು ಅನ್ವಯಿಸದು.

ಬೈಲಹೊಂಗಲ, ಕಿತ್ತೂರು, ರಾಮದುರ್ಗದ ಕಡೆ ಯಾರದಾದರೂ ಹಿತ್ತಲಲ್ಲಿ ಕಾಂಟೆಸಾ ನಿಂತಿದ್ದರೆ ಒಂದು ವಿನಂತಿ. ಓಡಿಸಲು ಆಗದಿದ್ದರೂ ಇಡಿಯಾಗಿ ಗುಜರಿಗೆ ಹಾಕಬೇಡಿ. ಅದರ ಗಾಜು, ಬೀಡಿಂಗ್ ತೆಗೆದಿಡಿ, ಇನ್ನೊಂದು ಗಾಡಿ ಅದರಿಂದ ರಸ್ತೆಗೆ ಬರುತ್ತದೆ.