ಅಟ್ಟ ಖಾಲಿ ಮಾಡುವ ಮೊದಲು

ನೋಡು ಮಗಳೇ, ಮೊನ್ನೆ ಫೋನಿನಲ್ಲಿ ನೀನು ಹೇಳಿದ್ದು ಇನ್ನೂ ಕಿವಿಯಲ್ಲೇ ಇದೆ. "ದೊಡ್ಡಮ್ಮಾ, ಮುಂದಿನ ತಿಂಗಳು ಚಿಕ್ಕ ಮನೆಗೆ ಹೋಗ್ಬೇಕು. ಅತ್ತೆ ಒಂದು ಚಮಚಾನೂ ಬಿಸಾಕೋಕೆ ಬಿಡ್ತಿಲ್ಲ. ಅವರು ಊರಿಗೆ ಹೋದಾಗ ಗುಜರಿಯವನನ್ನ ಕರೆದುಬಿಡ್ತೀನಿ." ನಾನು ಸುಮ್ಮನೆ ಹೂಂ ಅಂದೆ. ರಾತ್ರಿ ನಿದ್ದೆ ಹತ್ತಲಿಲ್ಲ. ಹಾಗೆ ಮಾಡಬೇಡ. ನಾನು ಮಾಡಿ ನೊಂದಿದ್ದೇನೆ.

ಮದುವೆಯಾಗಿ ಮೂರು ವರ್ಷವಾಗಿತ್ತು. ದೀಪಾವಳಿಗೆ ಧೂಳು ಹೊಡೆಯುವಾಗ ಅಟ್ಟದ ಮೂಲೆಯಲ್ಲಿ ಒಂದು ಗೋಣಿಚೀಲ ಹಳೇ ಹಿತ್ತಾಳೆ ಸಿಕ್ಕಿತು. ಸೊಟ್ಟಗಾದ ತಂಬಿಗೆ, ಹಿಡಿ ಕಿತ್ತ ಸೌಟು, ಬಾಯಿ ಸೀಳಿದ ಒಂದು ಒಳಲೆ. ಅತ್ತೆ ದೇವಸ್ಥಾನಕ್ಕೆ ಹೋಗಿದ್ದರು. ಎಲ್ಲವನ್ನೂ ತೂಕಕ್ಕೆ ಹಾಕಿ, ಬಂದ ದುಡ್ಡಿಗೆ ಸ್ಟೀಲಿನ ಕೊಳಗ ತಂದು ತೋರಿಸಿದೆ. ಅವರು ಕೇಳಿದ್ದು ಒಂದೇ ಮಾತು: "ಒಳಲೆ?" ಆ ರಾತ್ರಿ ಊಟಕ್ಕೆ ಏಳಲಿಲ್ಲ. ಐದು ಮಕ್ಕಳಿಗೆ ಹಾಲು ಕುಡಿಸಿದ್ದು ಅದರಲ್ಲೇ. ಆ ಐದರಲ್ಲಿ ಒಂದು, ವರ್ಷ ತುಂಬುವ ಮೊದಲೇ ಹೋಗಿತ್ತು ಎಂದು ನನಗೆ ತಿಳಿದದ್ದು ಬೆಳಗ್ಗೆ. ಗುಜರಿ ಅಂಗಡಿಗೆ ಓಡಿದೆ. ಅಷ್ಟರಲ್ಲಿ ಚೀಲ ಕರಗಿಸಲು ಹೋಗಿಯಾಗಿತ್ತು.

"ಇರಲಿ, ಮುಂದೆ ಬೇಕಾಗುತ್ತೆ" ಅನ್ನುವ ಹಿರಿಯರನ್ನು ಕಂಡು ಸಿಡುಕಬೇಡ. ಸಕ್ಕರೆಗೆ, ಸೀಮೆಎಣ್ಣೆಗೆ ರೇಷನ್ ಕಾರ್ಡ್ ಹಿಡಿದು ಸಾಲಿನಲ್ಲಿ ನಿಂತವರು ಅವರು. ಗ್ಯಾಸ್ ಕನೆಕ್ಷನ್‌ಗೆ, ಸ್ಕೂಟರಿಗೆ ವರ್ಷಗಟ್ಟಲೆ ಕಾದವರು. ಖಾಲಿ ಬಾಟಲಿ ತೊಳೆದು ಉಪ್ಪಿನಕಾಯಿ ತುಂಬಿಟ್ಟೇ ಸಂಸಾರ ತೂಗಿಸಿದರು. ಆ ಕೈಗೆ ಬಿಸಾಡುವುದು ಅಭ್ಯಾಸವಿಲ್ಲ.

ಹಾಗಂತ ಎಲ್ಲವನ್ನೂ ಹೊತ್ತುಕೊಂಡು ಹೋಗು ಅನ್ನುತ್ತಿಲ್ಲ. ನಿನ್ನ ಅಜ್ಜಿಯ ಧಾರೆ ಸೀರೆ ನನ್ನ ಪಾಲಿಗೆ ಬಂತಲ್ಲ, ಸವೆದೀತೆಂದು ನಾನು ಉಡಲಿಲ್ಲ, ನಿಮ್ಮಮ್ಮ ಕೇಳಿದಾಗ ಕೊಡಲೂ ಇಲ್ಲ. ನುಸಿಗುಳಿಗೆ ಹಾಕಿ ಬೀರುವಿನ ತಳದಲ್ಲಿಟ್ಟೆ. ಹದಿನೆಂಟು ವರ್ಷದ ಮೇಲೆ ಬಿಚ್ಚಿದರೆ ಜರಿಯೆಲ್ಲ ಕಪ್ಪು. ಮಡಿಕೆ ಇದ್ದಲ್ಲೆಲ್ಲ ರೇಷ್ಮೆ ಬಿರಿದು, ಬೆರಳು ತಾಗಿದರೆ ಹರಿಯುತ್ತಿತ್ತು. ರೇಷ್ಮೆಯನ್ನು ಹತ್ತಿಬಟ್ಟೆಯಲ್ಲಿ ಸುತ್ತಿಡಬೇಕು, ಆಗಾಗ ಗಾಳಿಗೆ ಹರವಿ ಮಡಿಕೆ ಬದಲಿಸಬೇಕು, ಗುಳಿಗೆ ಜರಿಗೆ ತಾಗಬಾರದು. ಇದೆಲ್ಲ ಆಮೇಲೆ ಕಲಿತದ್ದು. ಗಟ್ಟಿಯಿದ್ದ ಸೆರಗಿನ ತುಂಡಿನಲ್ಲಿ ನಿನ್ನ ತಮ್ಮನ ಮಗಳಿಗೆ ಕುಲಾವಿ ಹೊಲಿಸಿದೆ. ಅದನ್ನು ಕೂಸಿನ ತಲೆಗೆ ಕಟ್ಟಿದ ದಿನ ಅಮ್ಮ ಕಣ್ಣೆದುರು ಬಂದು ನಿಂತಂತಾಯಿತು. ಬೀರುವಿನಲ್ಲಿದ್ದ ಹದಿನೆಂಟು ವರ್ಷದಲ್ಲಿ ಒಂದು ಸಲವೂ ಹಾಗಾಗಿರಲಿಲ್ಲ.

ಆದ್ದರಿಂದ ಬಳಸು, ಇಲ್ಲವೇ ಬಳಸುವವರಿಗೆ ಕೊಡು. ಉತ್ತರ ಕರ್ನಾಟಕದ ಹೆಂಗಸರು ಸವೆದ ಸೀರೆ, ಧೋತರಗಳನ್ನು ಪದರ ಪದರವಾಗಿಟ್ಟು ಕೌದಿ ಹೊಲಿಯುತ್ತಾರೆ. ಅಜ್ಜಿಯ ಸೀರೆ ಮೊಮ್ಮಗನಿಗೆ ಹೊದಿಕೆಯಾಗುತ್ತದೆ. ನೆನಪನ್ನು ಕಾಪಾಡುವ ರೀತಿ ಅದು.

ಕೆಲಸಕ್ಕೆ ಒಂದು ಕ್ರಮ ಇರಲಿ. ಮನಸ್ಸಿಗೆ ಅಂಟಿಕೊಳ್ಳದವು ಮೊದಲು: ಮುಚ್ಚಳವಿಲ್ಲದ ಡಬ್ಬ, ಪಾರ್ಸೆಲ್ ತಂದ ಪ್ಲಾಸ್ಟಿಕ್ಕು, ತಾರೀಕು ಮುಗಿದ ಮಾತ್ರೆ. ಕೆಟ್ಟ ಚಾರ್ಜರು, ಹಳೇ ಮೊಬೈಲನ್ನು ಇ-ತ್ಯಾಜ್ಯ ಸಂಗ್ರಹಿಸುವವರಿಗೇ ಕೊಡು. ಬೇರೆಯವರ ಕೈಗೆ ಹೋದರೆ ತಾಮ್ರಕ್ಕಾಗಿ ತಂತಿ ಸುಡುತ್ತಾರೆ, ಆ ಹೊಗೆ ವಿಷ. ಆಮೇಲೆ ಪಾತ್ರೆ, ಬಟ್ಟೆ. ಫೋಟೋ, ಪತ್ರ, ತೀರಿಕೊಂಡವರ ಸಾಮಾನು ಕಟ್ಟಕಡೆಗೆ. ಮೊದಲ ದಿನವೇ ಆಲ್ಬಮ್ ಬಿಚ್ಚಿದೆಯೋ, ಕೆಲಸ ಅಲ್ಲಿಗೇ ನಿಂತಿತು.

ಹಳೇ ಕಾಗದದ ಕಟ್ಟು, ತಾಳೆಗರಿ ಕಂಡರೆ ಮಾತ್ರ ತಡೆದು ನೋಡು. ತಂಜಾವೂರು ಕಡೆಯ ಪಂಡಿತರೊಬ್ಬರು ತಮ್ಮಲ್ಲಿದ್ದ ತಾಳೆಗರಿ ಕಟ್ಟೊಂದನ್ನು ಮೈಸೂರಿನ ಓರಿಯೆಂಟಲ್ ಲೈಬ್ರರಿಗೆ ತಂದೊಪ್ಪಿಸಿದ್ದರು. ಅದು ಕೌಟಿಲ್ಯನ ಅರ್ಥಶಾಸ್ತ್ರ ಎಂದು 1905ರಲ್ಲಿ ಗುರುತಿಸಿದವರು ಆರ್. ಶಾಮಶಾಸ್ತ್ರಿಗಳು. 1909ರಲ್ಲಿ ಅದು ಅಚ್ಚಾಯಿತು. ಪಂಡಿತರು ಮನೆಯಲ್ಲೇ ಬಚ್ಚಿಟ್ಟಿದ್ದರೆ ಗೆದ್ದಲಿಗೆ ಆಹಾರವಾಗುತ್ತಿತ್ತೋ ಏನೋ. ತಕ್ಕ ಕೈಗೆ ಕೊಟ್ಟದ್ದರಿಂದ ಲೋಕಕ್ಕೇ ಸಿಕ್ಕಿತು. ನಿಮ್ಮ ಅಟ್ಟದಲ್ಲಿ ಅಂಥದ್ದು ಇರದಿರಬಹುದು, ಮಾವನವರ ಕೈಬರಹದ ಲೆಕ್ಕದ ಪುಸ್ತಕವಾದರೂ ಇದ್ದೀತು.

ಇಷ್ಟು ವರ್ಷಗಳಲ್ಲಿ ನಾನು ಕಂಡುಕೊಂಡದ್ದು ಇಷ್ಟೇ ಮಗಳೇ. ಪಾತ್ರೆಯ ಕಥೆ ಕೇಳುವವರು ಒಬ್ಬರು ಸಿಕ್ಕರೆ, ಪಾತ್ರೆಯನ್ನು ಬಿಟ್ಟುಕೊಡಲು ಹಿರಿಯರಿಗೂ ಅಷ್ಟು ಕಷ್ಟವಾಗದು. ಆ ಮಗುವಿನ ಹೆಸರನ್ನು ನಾನು ಮೊದಲೇ ಕೇಳಿದ್ದಿದ್ದರೆ ನಮ್ಮತ್ತೆ ಒಳಲೆಯನ್ನು ತಾವಾಗಿಯೇ ಕೊಡುತ್ತಿದ್ದರೋ, ಇಟ್ಟುಕೊಳ್ಳುತ್ತಿದ್ದರೋ. ಏನೇ ಆದರೂ ನಿರ್ಧಾರ ಅವರದಾಗಿರುತ್ತಿತ್ತು.

ಈ ಶನಿವಾರ ಒಂದೇ ಒಂದು ಟ್ರಂಕು ಕೆಳಗಿಳಿಸು. ಅತ್ತೆಯ ಮುಂದಿಟ್ಟು ಬೀಗ ಅವರ ಕೈಯಲ್ಲೇ ತೆಗೆಸು. ಒಂದೊಂದನ್ನೇ ಎತ್ತಿ, "ಇದು ಯಾರದ್ದು ಅತ್ತೆ?" ಅಂತ ಕೇಳು. ಕಾಫಿ ಕೊಟ್ಟು, ಅವರು ಹೇಳಿ ಮುಗಿಸುವವರೆಗೆ ಪಕ್ಕದಲ್ಲೇ ಕೂತಿರು. ಗುಜರಿಯವನು ಭಾನುವಾರವೂ ಬರುತ್ತಾನೆ.